ಸಹಿಯಿಲ್ಲದ ಅಧಿಸೂಚನೆಗಳು

ಸರ್ಕಾರಿ ಕನ್ನಡದಲ್ಲಿ ‘ಅಧಿಸೂಚನೆ’ ತೂಕವುಳ್ಳ ಶಬ್ದ. ಅದು ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಅದಕ್ಕೆ ಸಂಖ್ಯೆ, ದಿನಾಂಕಗಳಿರುತ್ತವೆ. ‘ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಒಕ್ಕಣೆಯ ಕೆಳಗೆ ಒಬ್ಬ ಅಧಿಕಾರಿಯ ಸಹಿ, ಪದನಾಮಗಳಿರುತ್ತವೆ. ಅದರಲ್ಲಿ ತಪ್ಪಿದ್ದರೆ ನ್ಯಾಯಾಲಯದಲ್ಲಿ ಉತ್ತರಿಸಬೇಕಾದವರು ಯಾರೆಂಬುದು ಓದಿದವರಿಗೆಲ್ಲ ಗೊತ್ತಾಗುತ್ತದೆ. ಇಂದು ಮೊಬೈಲ್ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡವರಿಗೆ ಇದೇ ಶಬ್ದ ಬೇರೊಂದು ವೇಷದಲ್ಲಿ ಎದುರಾಗುತ್ತದೆ. ಕ್ಷಣಕ್ಷಣಕ್ಕೂ ‘ಟಿಂಗ್’ ಎಂದು ಸದ್ದು ಮಾಡಿ ಪರದೆಯ ಮೇಲೆ ಇಣುಕುವ ಒಂದೂವರೆ ಸಾಲಿನ ಸಂದೇಶಕ್ಕೂ ಅನುವಾದಕರು ‘ಅಧಿಸೂಚನೆ’ ಎಂದೇ ಹೆಸರಿಟ್ಟಿದ್ದಾರೆ. ಅನುವಾದದ ಗುಣದೋಷ ಭಾಷಾತಜ್ಞರಿಗೆ ಬಿಟ್ಟ ವಿಷಯ. ನನ್ನನ್ನು ಕಾಡುವುದು ಆ ಸಹಿಯ ಪ್ರಶ್ನೆ.

ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ದುಡಿಯುವ ತರುಣ ತರುಣಿಯರ ದಿನ ಇಂದು ಪತ್ರದಿಂದಾಗಲಿ ದೂರವಾಣಿಯಿಂದಾಗಲಿ ಆರಂಭವಾಗುವುದಿಲ್ಲ. ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್, ಗೂಗಲ್ ಚಾಟ್, ಚೆನ್ನೈ ಮೂಲದ ಜೋಹೊ ಸಂಸ್ಥೆಯ ಕ್ಲಿಕ್ ಮುಂತಾದ ಹರಟೆಯ ಜಾಲಗಳೇ ಅವರ ಕಚೇರಿ. ಒಂದೊಂದು ಕೆಲಸಕ್ಕೆ ಒಂದೊಂದು ‘ಚಾನೆಲ್’. ಅದರೊಳಗೆ ಹತ್ತಾರು, ಕೆಲವೊಮ್ಮೆ ನೂರಾರು ಜನ. ಈ ಚಾನೆಲ್‌ಗಳಲ್ಲಿ ಮಾತನಾಡುವವರೆಲ್ಲ ಮನುಷ್ಯರು ಎಂದು ಹೊರಗಿನವರು ಭಾವಿಸಿರಬಹುದು. ವಾಸ್ತವದಲ್ಲಿ ಅಲ್ಲಿ ಯಂತ್ರಗಳೂ ಎಡೆಬಿಡದೆ ಮಾತನಾಡುತ್ತಿರುತ್ತವೆ. ಸರ್ವರಿನ ಸ್ಮೃತಿಕೋಶ ತುಂಬುತ್ತಿದೆ, ರಾತ್ರಿಯ ಲೆಕ್ಕ ಹೊಂದಾಣಿಕೆ ಮುಗಿಯಿತು, ಹೊಸ ಪ್ರೋಗ್ರಾಂ ಗ್ರಾಹಕರ ಬಳಕೆಗೆ ಹೋಯಿತು, ಯಾರೋ ಗ್ರಾಹಕರ ಹಣ ಪಾವತಿ ವಿಫಲವಾಯಿತು ಎಂದು ಹೀಗೆ ಯಂತ್ರಗಳು ಬರೆಯುತ್ತಲೇ ಇರುತ್ತವೆ.

ಇದರ ತಾಂತ್ರಿಕ ಏರ್ಪಾಡು ಅಚ್ಚರಿಯಾಗುವಷ್ಟು ಸರಳ. ಚಾನೆಲ್ಲಿಗೆ ‘ವೆಬ್‌ಹುಕ್’ ಎಂಬ ಉದ್ದನೆಯ ಅಂತರ್ಜಾಲ ವಿಳಾಸವೊಂದನ್ನು ಪಡೆದುಕೊಳ್ಳಬೇಕು. ಈ ಹೆಸರು 2007ರ ಸುಮಾರಿಗೆ ಚಲಾವಣೆಗೆ ಬಂದದ್ದು. ಯಾವುದೇ ಪ್ರೋಗ್ರಾಂ ಆ ವಿಳಾಸಕ್ಕೆ ಒಂದು ಸಾಲಿನ ಪಠ್ಯವನ್ನು ನಿಗದಿತ ರೂಪದಲ್ಲಿ ಕಳಿಸಿದರೆ ಸಾಕು, ಮರುಕ್ಷಣದಲ್ಲಿ ಅದು ಎಲ್ಲ ಸದಸ್ಯರ ಪರದೆಯ ಮೇಲೆ ಮೂಡುತ್ತದೆ. ನಾಲ್ಕೈದು ಸಾಲಿನ ಪ್ರೋಗ್ರಾಂ, ಹತ್ತು ನಿಮಿಷದ ಕೆಲಸ. ಮೇಲಧಿಕಾರಿಯ ಮಂಜೂರಾತಿ ಬಹುತೇಕ ಕಡೆ ಬೇಕಿಲ್ಲ. ಒಂದು ಚಿಕ್ಕ ಸಂಗತಿಯನ್ನು ಮಾತ್ರ ಗಮನಿಸಬೇಕು. ಸಂದೇಶ ಸ್ವೀಕೃತವಾದರೆ ಸ್ಲ್ಯಾಕ್ ಕಳಿಸಿದ ಪ್ರೋಗ್ರಾಮಿಗೆ ‘ಓಕೆ’ ಎಂಬ ಎರಡಕ್ಷರದ ಉತ್ತರ ಕೊಡುತ್ತದೆ. ಚಾನೆಲ್ಲಿಗೆ ಸಂದೇಶ ತಲುಪಿತು ಎಂಬುದಷ್ಟೇ ಅದರ ಅರ್ಥ. ಮನುಷ್ಯನೊಬ್ಬ ಅದನ್ನು ಓದಿದ, ಓದಿ ಅರ್ಥಮಾಡಿಕೊಂಡ, ಅರ್ಥಮಾಡಿಕೊಂಡು ಎದ್ದು ಹೋಗಿ ಏನಾದರೂ ಮಾಡಿದ ಎಂಬ ಅರ್ಥ ಅದಕ್ಕಿಲ್ಲ. ಜಾವಕ ವಹಿಯಲ್ಲಿ ನಮೂದಾದ ಕಾಗದವೆಲ್ಲ ಕಾರ್ಯಗತವಾಯಿತೆಂದು ನಂಬುವ ಅಧಿಕಾರಿ ನಮ್ಮ ಕಾಲದಲ್ಲಿಯೂ ಇದ್ದರು. ಈಗ ಆ ನಂಬಿಕೆ ಸೆಕೆಂಡಿನ ವೇಗ ಪಡೆದಿದೆ.

ಈ ವ್ಯವಸ್ಥೆಯನ್ನು ಸಾರಾಸಗಟಾಗಿ ಹಳಿಯುವುದು ನ್ಯಾಯವಲ್ಲ. ಒಂದು ತಂಡದ ಎಲ್ಲರಿಗೂ ಒಂದೇ ಹೊತ್ತಿಗೆ ಒಂದೇ ಮಾಹಿತಿ ಸಿಗುವುದು, ಹಿಂದಿನ ದಿನ ಏನಾಯಿತೆಂಬುದರ ದಾಖಲೆ ತಾನಾಗಿಯೇ ಉಳಿಯುವುದು, ಮೇಲಿನವರಿಗೆ ಮೊದಲು ಕೆಳಗಿನವರಿಗೆ ಆಮೇಲೆ ಎಂಬ ಶ್ರೇಣಿಯ ಗೋಡೆ ಸ್ವಲ್ಪ ತಗ್ಗುವುದು ಸಣ್ಣ ಲಾಭಗಳೇನಲ್ಲ. ನಮ್ಮ ಎಷ್ಟೋ ಕಚೇರಿಗಳಲ್ಲಿ ಮಾಹಿತಿಯನ್ನು ಬಚ್ಚಿಟ್ಟುಕೊಳ್ಳುವುದೇ ಅಧಿಕಾರ ಎಂದು ತಿಳಿದವರಿದ್ದರು. ಅವರ ಪೈಕಿ ಕೆಲವರಾದರೂ ಇಂಥ ಚಾನೆಲ್ಲಿನಲ್ಲಿ ಕೂತಿದ್ದರೆ ನಾಡಿಗೆ ಒಳ್ಳೆಯದಾಗುತ್ತಿತ್ತು. ಆದರೆ ಮಾಹಿತಿಯ ಕೊರತೆಗೆ ಮದ್ದಾಗಿ ಬಂದದ್ದು ಗಮನದ ಕೊರತೆಯನ್ನು ತಂದಿಟ್ಟಿದೆ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ 1971ರಷ್ಟು ಹಿಂದೆಯೇ ಈ ಎಚ್ಚರಿಕೆ ನೀಡಿದ್ದರು. ಮಾಹಿತಿ ಹೇರಳವಾದಾಗ ಅದು ಉಣ್ಣುವುದು ಓದುಗನ ಗಮನವನ್ನು, ಆದ್ದರಿಂದ ವಿರಳ ಸಂಪನ್ಮೂಲವೆಂದು ಎಣಿಸಬೇಕಾದದ್ದು ಗಮನವನ್ನೇ ಎಂಬುದು ಅವರ ವಾದದ ತಿರುಳು.

ಅರ್ಥಶಾಸ್ತ್ರದ ದೃಷ್ಟಿಯಿಂದ ಇನ್ನೂ ಒಂದು ಹೆಜ್ಜೆ ಮುಂದಿಡಬಹುದು. 1840ಕ್ಕೆ ಮೊದಲು ಬ್ರಿಟನ್ನಿನಲ್ಲಿ ಅಂಚೆಯ ಶುಲ್ಕವನ್ನು ಬಹುಮಟ್ಟಿಗೆ ಪತ್ರ ಪಡೆದವರೇ ತೆರಬೇಕಿತ್ತು. ರೋಲೆಂಡ್ ಹಿಲ್ ಅವರ ಸುಧಾರಣೆಯಿಂದ ಆ ಹೊರೆ ಕಳಿಸುವವರ ಹೆಗಲಿಗೆ ಬಂತು. ನಮ್ಮ ದೇಶದಲ್ಲಿಯೂ 1854ರಲ್ಲಿ ಏಕರೂಪದ ದರ, ಅಂಚೆಚೀಟಿಗಳು ಜಾರಿಯಾದವು. ತಂತಿ ಸಂದೇಶಕ್ಕಂತೂ ಪದದ ಲೆಕ್ಕದಲ್ಲಿ ದರ. 2013ರ ಜುಲೈನಲ್ಲಿ ನಮ್ಮ ತಂತಿ ಸೇವೆ ನಿಲ್ಲುವವರೆಗೂ ಜನ ಒಂದೊಂದು ಪದವನ್ನೂ ತೂಗಿ ಬರೆಯುತ್ತಿದ್ದರು. ಮನೆಗೆ ತಂತಿ ಬಂತೆಂದರೆ ಎದೆ ಧಸಕ್ಕೆನ್ನುತ್ತಿದ್ದುದು ಅದರ ದರದಿಂದಲೂ ಹೌದು: ಸುಮ್ಮನೆ ಯಾರೂ ಅಷ್ಟು ಖರ್ಚು ಮಾಡುವುದಿಲ್ಲವೆಂದು ಎಲ್ಲರಿಗೂ ತಿಳಿದಿತ್ತು. ಯಂತ್ರದ ಸಂದೇಶ ಈ ಚಕ್ರವನ್ನು ಹಿಂದಕ್ಕೆ ತಿರುಗಿಸಿದೆ. ಕಳಿಸುವವರಿಗೆ ಇನ್ನೊಂದು ಸಂದೇಶದ ವೆಚ್ಚ ಶೂನ್ಯ, ಪಡೆಯುವ ನೂರು ಮಂದಿ ತಮ್ಮ ಗಮನದ ರೂಪದಲ್ಲಿ ಶುಲ್ಕ ತೆರಬೇಕು. ಬೆಲೆಯಿಲ್ಲದ ಗೋಮಾಳ ಹೇಗೆ ಬೋಳಾಗುತ್ತದೆಯೋ ಚಾನೆಲ್ಲಿನಲ್ಲಿ ಗಮನವೂ ಹಾಗೆಯೇ ಬೋಳಾಗುತ್ತದೆ.

ಹಾಗಾದರೆ ಮಿತಿಯೇ ಇಲ್ಲವೇ? ಇದೆ. ಒಂದು ಚಾನೆಲ್ಲಿಗೆ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಂದೇಶ ಎಂಬುದು ಸ್ಲ್ಯಾಕ್ ಹಾಕಿರುವ ಮಿತಿ. ಅದನ್ನು ಮೀರಿದರೆ ‘429’ ಎಂಬ ಸಂಕೇತದೊಡನೆ, ಇಷ್ಟು ಹೊತ್ತು ಕಾದು ಮತ್ತೆ ಬಾ ಎಂಬ ಉತ್ತರ ಬರುತ್ತದೆ. ಸೆಕೆಂಡಿಗೆ ಒಂದೆಂದರೆ ದಿನಕ್ಕೆ 86,400. ಈ ಮಿತಿ ಇರುವುದು ಯಂತ್ರ ಬಳಲದಿರಲೆಂದು. ಓದುವ ಮನುಷ್ಯನ ಪರವಾಗಿ ‘429’ ಹೇಳುವವರು ಯಾರೂ ಇಲ್ಲ.

ಇದರ ಪರಿಣಾಮ ಕೇವಲ ಕಿರಿಕಿರಿಯಾಗಿದ್ದರೆ ಈ ಪುಟದಲ್ಲಿ ಚರ್ಚಿಸುವ ಅಗತ್ಯವಿರಲಿಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯಲ್ಲಿ ನಡೆದದ್ದನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಷ್ಟೇ ಅಲ್ಲ, ಆಡಳಿತ ತರಬೇತಿ ಸಂಸ್ಥೆಗಳಲ್ಲಿಯೂ ಕಲಿಸಬೇಕು. ಅಂದು ನ್ಯೂಯಾರ್ಕ್ ಷೇರುಪೇಟೆಯಲ್ಲಿ ಸಣ್ಣ ಹೂಡಿಕೆದಾರರಿಗೆಂದು ಹೊಸ ಯೋಜನೆಯೊಂದು ಆರಂಭವಾಗುವುದಿತ್ತು. ಅದಕ್ಕಾಗಿ ಸಂಸ್ಥೆ ತನ್ನ 8 ಸರ್ವರುಗಳಲ್ಲಿ ಹೊಸ ಪ್ರೋಗ್ರಾಂ ಅಳವಡಿಸಬೇಕಿತ್ತು. 7ರಲ್ಲಿ ಅಳವಡಿಕೆಯಾಯಿತು, ಒಂದು ಉಳಿದುಹೋಯಿತು. ಉಳಿದ ಆ ಒಂದರಲ್ಲಿ ‘ಪವರ್ ಪೆಗ್’ ಎಂಬ, ವರ್ಷಗಳ ಹಿಂದೆಯೇ ಬಳಕೆ ನಿಂತ ಹಳೆಯ ಪ್ರೋಗ್ರಾಮಿನ ತುಣುಕು ಮಲಗಿತ್ತು. ಹೊಸ ಆದೇಶಗಳು ಬಂದಾಗ ಅದು ಎದ್ದು ಕೂತಿತು. ಗ್ರಾಹಕರು ಕೊಟ್ಟ 212 ಸಣ್ಣ ಆದೇಶಗಳಿಗೆ ಪ್ರತಿಯಾಗಿ 45 ನಿಮಿಷಗಳಲ್ಲಿ 154 ಕಂಪನಿಗಳ ಷೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು ನಡೆದುಹೋದವು. ನಷ್ಟ 46 ಕೋಟಿ ಡಾಲರಿಗೂ ಮಿಗಿಲು.

ನಮ್ಮ ವಿಷಯಕ್ಕೆ ಸಂಬಂಧಿಸಿದ ಭಾಗ ಇರುವುದು ಅದಕ್ಕೂ ಮೊದಲಿನ ಒಂದೂವರೆ ಗಂಟೆಯಲ್ಲಿ. ಪೇಟೆ ತೆರೆಯುವುದು 9.30ಕ್ಕೆ. ಬೆಳಿಗ್ಗೆ 8 ಗಂಟೆಯ ಆಸುಪಾಸಿನಿಂದಲೇ ಸಂಸ್ಥೆಯ ಒಳಗಿನ ವ್ಯವಸ್ಥೆಯೊಂದು ತಪ್ಪನ್ನು ಗುರುತಿಸಿ, ಅದರಲ್ಲಿ ‘ಪವರ್ ಪೆಗ್’ ಹೆಸರನ್ನೇ ನಮೂದಿಸಿ, ಸಿಬ್ಬಂದಿಯ ಗುಂಪಿಗೆ ತಾನಾಗಿಯೇ ಮಿಂಚಂಚೆ ಕಳಿಸತೊಡಗಿತ್ತು. ಪೇಟೆ ತೆರೆಯುವ ಹೊತ್ತಿಗೆ ಅಂಥ 97 ಸಂದೇಶಗಳು ಹೋಗಿದ್ದವು. ಯಾರೂ ಕ್ರಮ ಕೈಗೊಳ್ಳಲಿಲ್ಲ. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ 2013ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶದಲ್ಲಿ ಇದಕ್ಕೆ ಕಾರಣವೂ ಇದೆ: ಆ ಸಂದೇಶಗಳನ್ನು ಎಚ್ಚರಿಕೆಯ ಗಂಟೆಯೆಂದು ರೂಪಿಸಿಯೇ ಇರಲಿಲ್ಲ, ಬಂದಾಗ ಓದುವ ರೂಢಿಯೂ ಸಿಬ್ಬಂದಿಗೆ ಇರಲಿಲ್ಲ. ಅನಾಹುತ ಶುರುವಾದ ಮೇಲೆ ಗಾಬರಿಯಲ್ಲಿ ಸರಿಯಾಗಿದ್ದ 7 ಸರ್ವರುಗಳಿಂದ ಹೊಸ ಪ್ರೋಗ್ರಾಮನ್ನು ಕಿತ್ತುಹಾಕಿದ್ದರಿಂದ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಆಯೋಗ ವಿಧಿಸಿದ ದಂಡ 1.2 ಕೋಟಿ ಡಾಲರ್. ಅಷ್ಟರಲ್ಲಿ ಸಂಸ್ಥೆ ಸ್ವತಂತ್ರವಾಗಿ ಉಳಿದಿರಲಿಲ್ಲ. ಬೇರೊಂದು ಕಂಪನಿಯೊಡನೆ ವಿಲೀನವಾಗಿತ್ತು.

ಮಾಹಿತಿ ಇರಲಿಲ್ಲವೆಂದು ಇಲ್ಲಿ ಯಾರೂ ಹೇಳುವಂತಿಲ್ಲ. 97 ಬಾರಿ ತಿಳಿಸಲಾಗಿತ್ತು. ತಿಳಿಸಿದ್ದು ಗುಂಪಿಗೆ, ಕ್ರಮ ಕೈಗೊಳ್ಳಬೇಕಾದವರ ಹೆಸರು ಯಾವ ಸಂದೇಶದ್ದೂ ಅಲ್ಲ. ಹತ್ತು ಜನ ಸೇರಿದ ಕಡೆ ಹಾವು ಸಾಯದು ಎಂದು ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರಲ್ಲ, ಅಂಥದ್ದೇ ಸ್ಥಿತಿ.

ಕೈಗಾರಿಕಾ ಲೋಕ ಈ ಪಾಠವನ್ನು ಇನ್ನೂ ಮುಂಚೆ ಕಲಿತಿತ್ತು. 1994ರ ಜುಲೈ 24ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ಬಳಿಯ ಟೆಕ್ಸಾಕೊ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟ ಸಂಭವಿಸಿತು. ಸ್ಫೋಟಕ್ಕೆ ಮೊದಲಿನ ಕೊನೆಯ 11 ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ 275 ಎಚ್ಚರಿಕೆಗಳು ಬಂದಿದ್ದವು, ಅಂದರೆ ಎರಡು ಮೂರು ಸೆಕೆಂಡಿಗೆ ಒಂದರಂತೆ. ಅಲ್ಲಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ತನಿಖೆಯಲ್ಲಿ ತಿಳಿದ ಇನ್ನೊಂದು ಅಂಶವೆಂದರೆ, ಸ್ಥಾವರದ ಎಚ್ಚರಿಕೆಗಳಲ್ಲಿ ಸುಮಾರು ಶೇ 87ರಷ್ಟನ್ನು ‘ಅತಿ ಮುಖ್ಯ’ ಎಂದೇ ವರ್ಗೀಕರಿಸಲಾಗಿತ್ತು. ನಿಜಕ್ಕೂ ಮುಖ್ಯವಾದದ್ದು ಆ ಗದ್ದಲದಲ್ಲಿ ಕಳೆದುಹೋಯಿತು. ಪ್ರಾಣಹಾನಿಯಾಗದಿದ್ದುದು ಅಂದು ಭಾನುವಾರವಾಗಿದ್ದ ಪುಣ್ಯ. ಐದು ವರ್ಷಗಳ ಬಳಿಕ, 1999ರಲ್ಲಿ, ಬ್ರಿಟನ್ನಿನ ಎಂಜಿನಿಯರಿಂಗ್ ಉಪಕರಣ ಬಳಕೆದಾರರ ಸಂಘವು ಮಾರ್ಗದರ್ಶಿಯೊಂದನ್ನು ಪ್ರಕಟಿಸಿತು. ಸಾಮಾನ್ಯ ಸ್ಥಿತಿಯಲ್ಲಿ ಒಬ್ಬ ನಿರ್ವಾಹಕನಿಗೆ ಸರಾಸರಿ 10 ನಿಮಿಷಕ್ಕೆ ಒಂದು ಎಚ್ಚರಿಕೆ ಬಂದರೆ ಅದು ಸಹನೀಯ ಎಂಬುದು ಅದರ ಅಳತೆಗೋಲು. ನಿರ್ವಾಹಕ ಏನನ್ನೂ ಮಾಡಬೇಕಿಲ್ಲದ ಸಂಗತಿ ಎಚ್ಚರಿಕೆಯೇ ಅಲ್ಲ ಎಂಬ ತತ್ತ್ವವೂ ಅಲ್ಲಿದೆ. ತೈಲ, ರಾಸಾಯನಿಕ, ವಿದ್ಯುತ್ ಸ್ಥಾವರಗಳವರು ಇದನ್ನು ಓದಿ ಅರಗಿಸಿಕೊಂಡಿದ್ದಾರೆ. ಸಾಫ್ಟ್‌ವೇರ್ ಉದ್ಯಮ ಮಾತ್ರ ಜಗತ್ತಿನಲ್ಲಿ ತನಗಿಂತ ಮುಂಚೆ ಯಾರೂ ಯಂತ್ರ ನಡೆಸಿರಲಿಲ್ಲ ಎಂಬ ಧೋರಣೆಯಿಂದ ಇನ್ನೂ ಪೂರ್ತಿ ಹೊರಬಂದಂತೆ ಕಾಣುವುದಿಲ್ಲ.

ಸರ್ಕಾರಿ ಕಚೇರಿಯ ಅನುಭವವುಳ್ಳವರಿಗೆ ಆ ಶೇ 87 ಹೊಸದೇನಲ್ಲ. ಕಡತಕ್ಕೆ ‘ತುರ್ತು’ ಎಂಬ ಬಣ್ಣದ ಚೀಟಿ ಅಂಟಿಸುವ ಪದ್ಧತಿ ಹಳೆಯದು. ಎಲ್ಲ ಕಡತಗಳಿಗೂ ‘ತುರ್ತು’ ಚೀಟಿ ಬಿದ್ದಾಗ ‘ಅತಿ ತುರ್ತು’ ಹುಟ್ಟಿತು. ಅದೂ ಸವಕಲಾದಾಗ ‘ಇಂದೇ’ ಎಂದು ಕೆಂಪು ಶಾಯಿಯಲ್ಲಿ ಬರೆಯತೊಡಗಿದರು. ಕೊನೆಗೆ ಯಾವ ಚೀಟಿಯೂ ಇಲ್ಲದ ಕಡತ ಬಂದರೆ ವಿಷಯ ನಿರ್ವಾಹಕರು ಕುತೂಹಲದಿಂದ ಅದನ್ನೇ ಮೊದಲು ಬಿಚ್ಚಿ ನೋಡುವಂತಾದದ್ದೂ ಉಂಟು. ಪತ್ರದ ಪ್ರತಿಗಳ ಕಥೆಯೂ ಅಷ್ಟೇ. ‘ಸೂಕ್ತ ಕ್ರಮಕ್ಕಾಗಿ’ ಒಂದು ಪ್ರತಿ, ‘ಮಾಹಿತಿಗಾಗಿ’ ಹನ್ನೆರಡು ಪ್ರತಿ. ಈ ಹನ್ನೆರಡರಲ್ಲಿ ಎಷ್ಟು ನಿಜವಾಗಿ ಮಾಹಿತಿಗಾಗಿ, ಎಷ್ಟು ನಾಳೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬಂದರೆ ‘ತಮಗೂ ತಿಳಿಸಲಾಗಿತ್ತಲ್ಲ’ ಎನ್ನುವುದಕ್ಕಾಗಿ ಎಂಬುದು ಕಳಿಸಿದವರಿಗೂ ಪಡೆದವರಿಗೂ ಗೊತ್ತಿರುವ ಗುಟ್ಟು.

ಆದರೂ ಆ ಹಳೆಯ ಪದ್ಧತಿಯಲ್ಲಿ ಒಂದು ವಿವೇಕವಿತ್ತು. ‘ಕ್ರಮಕ್ಕಾಗಿ’ ಎಂಬ ಪ್ರತಿ ಯಾರ ಹೆಸರಿಗಿದೆಯೋ ಅವರು ತಪ್ಪಿಸಿಕೊಳ್ಳುವಂತಿರಲಿಲ್ಲ. ಉತ್ತರ ಬಾರದಿದ್ದರೆ ನೆನಪೋಲೆ, ಅದಕ್ಕೂ ಜಗ್ಗದಿದ್ದರೆ ಮೇಲಧಿಕಾರಿಯ ಅರೆ ಸರ್ಕಾರಿ ಪತ್ರ. ಯಂತ್ರ ಚಾನೆಲ್ಲಿಗೆ ಹಾಕುವ ಸಂದೇಶದಲ್ಲಿ ಕ್ರಮ ಮತ್ತು ಮಾಹಿತಿಯ ನಡುವಣ ಈ ಗೆರೆಯೇ ಅಳಿಸಿಹೋಗಿದೆ. ‘ನಿತ್ಯದ ಲೆಕ್ಕ ಯಶಸ್ವಿಯಾಗಿ ಮುಗಿಯಿತು’ ಎಂಬುದೂ ‘ಗ್ರಾಹಕರ ಹಣ ಎರಡೆರಡು ಬಾರಿ ಕಡಿತವಾಗುತ್ತಿದೆ’ ಎಂಬುದೂ ಒಂದೇ ಅಕ್ಷರ ಗಾತ್ರದಲ್ಲಿ, ಒಂದರ ಕೆಳಗೊಂದು ಬರುತ್ತವೆ. ಮೊದಲನೆಯ ಬಗೆಯದು ದಿನಕ್ಕೆ ನೂರಾದರೆ ಎರಡನೆಯದನ್ನು ನೋಡುವ ಕಣ್ಣು ತಾನಾಗಿಯೇ ಮಂದವಾಗುತ್ತದೆ. ಆಗ ಸಿಬ್ಬಂದಿ ಏನು ಮಾಡುತ್ತಾರೆ? ಚಾನೆಲ್ಲಿನ ಸದ್ದನ್ನು ಅಡಗಿಸಿಬಿಡುತ್ತಾರೆ. ಅವರನ್ನು ದೂರುವಂತಿಲ್ಲ, ಆತ್ಮರಕ್ಷಣೆಗೆ ಅವರಿಗಿರುವ ದಾರಿ ಅದೊಂದೇ.

ಸಂದೇಶ ಬರುವುದಕ್ಕಿಂತ ಬಾರದಿರುವುದು ಅಪಾಯಕಾರಿ ಎಂಬ ಸೂಕ್ಷ್ಮವೂ ಇಲ್ಲಿದೆ. ಕಾವಲು ಕಾಯುವ ಪ್ರೋಗ್ರಾಮೇ ನಿಂತುಹೋದರೆ ಚಾನೆಲ್ ಶಾಂತವಾಗಿರುತ್ತದೆ, ಎಲ್ಲರೂ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತಾರೆ. ರಾತ್ರಿ ಗಸ್ತಿನ ಪೊಲೀಸರಿಗೆ ಬೀಟ್ ಪುಸ್ತಕದಲ್ಲಿ ಸಹಿ ಮಾಡುವ ನಿಯಮ ಇಟ್ಟದ್ದು ಕಳ್ಳರಿಗಾಗಿ ಅಲ್ಲ, ಗಸ್ತು ನಡೆಯಿತೆಂದು ತಿಳಿಯುವುದಕ್ಕಾಗಿ. ನಿಗದಿತ ಹೊತ್ತಿಗೆ ಸಂದೇಶ ಬಾರದಿದ್ದರೆ ಗಂಟೆ ಬಾರಿಸುವ ಏರ್ಪಾಡು ಸಾಫ್ಟ್‌ವೇರಿನಲ್ಲಿಯೂ ಸಾಧ್ಯವಿದೆ, ಒಳ್ಳೆಯ ಸಂಸ್ಥೆಗಳಲ್ಲಿ ಜಾರಿಯಲ್ಲಿಯೂ ಇದೆ. ಭದ್ರತೆಯ ಮಾತೂ ಹೇಳಬೇಕು. ವೆಬ್‌ಹುಕ್‌ನ ವಿಳಾಸವೇ ಅದರ ಬೀಗದ ಕೈ. ಅದು ಯಾರ ಕೈಗೆ ಸಿಕ್ಕರೂ ಅವರು ಆ ಚಾನೆಲ್ಲಿಗೆ, ಯಂತ್ರದ ವೇಷದಲ್ಲಿ, ಏನನ್ನು ಬೇಕಾದರೂ ಬರೆಯಬಹುದು. ಪ್ರೋಗ್ರಾಮಿನ ಒಳಗೇ ಆ ವಿಳಾಸವನ್ನು ಬರೆದು ಎಲ್ಲರೂ ನೋಡುವ ಜಾಗದಲ್ಲಿಟ್ಟು ಮರೆಯುವುದು ಮನೆಯ ಬೀಗದ ಕೈಯನ್ನು ತುಳಸಿಕಟ್ಟೆಯ ಮೇಲಿಟ್ಟಂತೆ.

ಇನ್ನು ಬೆಂಗಳೂರಿಗೇ ವಿಶಿಷ್ಟವಾದ ಸಂಕಟ. ಕ್ಯಾಲಿಫೋರ್ನಿಯಾದಲ್ಲಿ ನಡುಹಗಲಾದಾಗ ಇಲ್ಲಿ ಋತುವಿಗನುಗುಣವಾಗಿ ರಾತ್ರಿ 12.30 ಅಥವಾ 1.30. ಅಲ್ಲಿನ ಗ್ರಾಹಕರ ದಟ್ಟಣೆಯ ಹೊತ್ತು ಇಲ್ಲಿನ ಗಾಢ ನಿದ್ರೆಯ ಹೊತ್ತು. ಸರದಿಯ ಮೇಲೆ ರಾತ್ರಿ ಎಚ್ಚರವಿರಬೇಕಾದವರು ದಿಂಬಿನ ಪಕ್ಕದಲ್ಲಿ ಫೋನಿಟ್ಟು ಮಲಗುತ್ತಾರೆ. ನಿಜವಾದ ಅವಘಡಕ್ಕೆ ಎದ್ದು ದುಡಿಯುವುದು ವೃತ್ತಿಧರ್ಮ. ವೈದ್ಯರು, ಲೈನ್‌ಮನ್‌ಗಳು ಮಾಡುವುದೂ ಅದನ್ನೇ. ಆದರೆ ಮರುದಿನ ಬೆಳಿಗ್ಗೆ ನೋಡಿದರೂ ನಡೆಯುತ್ತಿದ್ದ ಸಂದೇಶಕ್ಕೆ ವಾರದಲ್ಲಿ ನಾಲ್ಕು ರಾತ್ರಿ ಏಳಬೇಕಾದರೆ ಅದು ಆಡಳಿತ ವೈಫಲ್ಯ. ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರ ಆಗಸ್ಟ್‌ನಿಂದ ಕೆಲಸದ ವೇಳೆಯ ನಂತರ ಸಂಪರ್ಕದಿಂದ ದೂರವಿರುವ ಹಕ್ಕನ್ನು ಒಂದಲ್ಲ ಒಂದು ರೀತಿಯಲ್ಲಿ ಕಾನೂನಿನಲ್ಲಿ ತಂದಿವೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಇಂಥದೊಂದು ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾಯ್ದೆಯಾಗಲಿಲ್ಲ. ಕಾಯ್ದೆ ಬಂದರೂ ಒಂದು ತೊಡಕು ಉಳಿಯುತ್ತದೆ. ರಾತ್ರಿ ಕರೆ ಮಾಡಿದ ಮೇಲಧಿಕಾರಿಯನ್ನು ಗುರುತಿಸಬಹುದು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಯಾರೋ ಬರೆದಿಟ್ಟ ಪ್ರೋಗ್ರಾಂ ಕಳಿಸಿದ ಸಂದೇಶಕ್ಕೆ ಯಾರನ್ನು ಕೇಳುವುದು?

ಇದಕ್ಕೆ ತಂತ್ರಜ್ಞರು ಸೂಚಿಸುವ ಇತ್ತೀಚಿನ ಪರಿಹಾರ, ಸಂದೇಶಗಳನ್ನು ಓದಿ ಸಾರಾಂಶ ಹೇಳಲು ಕೃತಕ ಬುದ್ಧಿಮತ್ತೆಯ ಇನ್ನೊಂದು ಯಂತ್ರವನ್ನು ನೇಮಿಸುವುದು. ಒಂದು ಯಂತ್ರ ಬರೆದದ್ದನ್ನು ಇನ್ನೊಂದು ಯಂತ್ರ ಓದಿ ಮೂರನೆಯ ಚಾನೆಲ್ಲಿಗೆ ಹಾಕುತ್ತದೆ. ಟಿಪ್ಪಣಿಯ ಮೇಲೆ ಟಿಪ್ಪಣಿ ಬರೆಯುವ ನಮ್ಮ ಸಚಿವಾಲಯದ ಕಲೆಯನ್ನು ಸಾಫ್ಟ್‌ವೇರ್ ಲೋಕ ಇಷ್ಟು ಬೇಗ ಕಲಿತದ್ದು ಕಂಡು ಸಂತೋಷಪಡಬೇಕೋ ಏನೋ.

ಖಾಸಗಿ ಸಂಸ್ಥೆಗಳು ತಮ್ಮ ಹಿತವನ್ನು ತಾವು ನೋಡಿಕೊಳ್ಳಲಿ. ಸರ್ಕಾರದ ಮಾತು ಬೇರೆ. ಪಡಿತರ, ಪಿಂಚಣಿ, ಪಹಣಿ, ವಿದ್ಯುತ್ ವಿತರಣೆ, ಜಲಾಶಯಗಳ ನೀರಿನ ಮಟ್ಟ ಎಲ್ಲವೂ ಗಣಕೀಕೃತ ವ್ಯವಸ್ಥೆಗಳ ಮೇಲೆ ನಿಂತಿವೆ. ಅಧಿಕಾರಿಗಳ ವಾಟ್ಸ್‌ಆ್ಯಪ್ ಗುಂಪುಗಳಂತೂ ಈಗಾಗಲೇ ತುಂಬಿ ತುಳುಕುತ್ತಿವೆ. ಮುಂದೆ ಈ ಗುಂಪುಗಳಿಗೆ ಯಂತ್ರಗಳೂ ಬರೆಯತೊಡಗುವುದು ಸಹಜ. ವೃದ್ಧಾಪ್ಯ ವೇತನದ ಹಣ ಒಂದು ತಾಲ್ಲೂಕಿನಲ್ಲಿ ಬ್ಯಾಂಕಿನಿಂದ ವಾಪಸಾದ ಸಂದೇಶ ಇನ್ನೂರು ಮಂದಿಯ ಗುಂಪಿಗೆ ಬಂದು, ಯಾರೂ ತಮ್ಮದೆಂದುಕೊಳ್ಳದೆ ಮೇಲಕ್ಕೆ ಸರಿದುಹೋದರೆ, ಆ ಮುದುಕಿ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ‘ತಿಳಿಸಲಾಗಿದೆ’ ಎಂಬ ದಾಖಲೆ ಮಾತ್ರ ಅಚ್ಚುಕಟ್ಟಾಗಿ ಇರುತ್ತದೆ.

ಆದ್ದರಿಂದ ಸಾರ್ವಜನಿಕ ಹಣದಲ್ಲಿ ಕೊಳ್ಳುವ ಪ್ರತಿಯೊಂದು ಸಾಫ್ಟ್‌ವೇರಿನ ಒಪ್ಪಂದದಲ್ಲಿ ಅದು ಕಳಿಸುವ ಸ್ವಯಂಚಾಲಿತ ಸಂದೇಶಗಳ ಪಟ್ಟಿ ಇರಬೇಕು. ಪ್ರತಿ ಸಂದೇಶದ ಎದುರು ಅದು ಕ್ರಮಕ್ಕೋ ಮಾಹಿತಿಗೋ, ಕ್ರಮಕ್ಕಾದರೆ ಯಾವ ಹುದ್ದೆಯವರು, ಎಷ್ಟು ಹೊತ್ತಿನೊಳಗೆ, ಅವರು ಸ್ಪಂದಿಸದಿದ್ದರೆ ಮುಂದಿನವರು ಯಾರು ಎಂಬ ಕಾಲಂಗಳಿರಬೇಕು. ಮಾಹಿತಿಗೆಂದು ಇರುವುದೆಲ್ಲ ಬೇರೆ ಚಾನೆಲ್ಲಿಗೆ, ಸದ್ದಿಲ್ಲದೆ ಹೋಗಲಿ. ಆರು ತಿಂಗಳಿಗೊಮ್ಮೆ, ಆ ಅವಧಿಯಲ್ಲಿ ಒಮ್ಮೆಯೂ ಯಾರನ್ನೂ ಕುರ್ಚಿಯಿಂದ ಎಬ್ಬಿಸದ ಸಂದೇಶಗಳನ್ನು ರದ್ದುಪಡಿಸುವ ಅಧಿಕಾರ ಒಬ್ಬರಿಗಿರಲಿ. ರಾಜ್ಯದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999ರಲ್ಲೇ ಬಂದಿದೆ, ಟೆಂಡರ್ ದಸ್ತಾವೇಜಿಗೆ ಷರತ್ತು ಸೇರಿಸುವ ಕ್ರಮವೂ ಎಲ್ಲ ಇಲಾಖೆಗಳಿಗೆ ಗೊತ್ತಿರುವಂಥದೇ. ಈ ನಾಲ್ಕೈದು ಕಾಲಂಗಳಿಗೆ ಹೊಸ ಶಾಸನವಾಗಲಿ ಸಮಿತಿಯಾಗಲಿ ಬೇಕಿಲ್ಲ. ಇಲಾಖಾ ಮುಖ್ಯಸ್ಥರು ಸಹಿ ಮಾಡಿದ ಒಂದು ಪುಟದ ಸುತ್ತೋಲೆ ಸಾಕು.